ಕಟ್ಟಿಂಗ್ ಮಾಸ್ತರನ ಹೊಗೆಯಿಲ್ಲದ ಆರು ವಾರ

ಜೂನ್ 3, ಸೋಮವಾರ

ಇಂದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಆಸ್ಪತ್ರೆಯ ಗೇಟಿನ ಹೊರಗೆ, ಕಸದ ಡಬ್ಬಿಯೊಂದರ ಸಾಕ್ಷಿಯಲ್ಲಿ, ನನ್ನ ಇಪ್ಪತ್ತೊಂಬತ್ತು ವರ್ಷಗಳ ಸಂಗಾತಿಗೆ ವಿದಾಯ ಹೇಳಿದೆ. ಭಾಷಣಗಳಿರಲಿಲ್ಲ. ಫಿಲ್ಟರು ಬಿಸಿಯಾಗುವ ತನಕ ಸೇದಿ, ತುದಿಯನ್ನು ಚಪ್ಪಲಿಯಡಿ ಹೊಸಕಿ, ಒಳಗೆ ಹೋಗಿ ಸಹಿ ಹಾಕಿದೆ.

ಈ ನೋಟುಬುಕ್ಕು ಸಿಗರೇಟು ಬಿಡಿಸುವ ನರ್ಸಮ್ಮ ಕೊಟ್ಟದ್ದು. ಸೇದಬೇಕು ಅನ್ನಿಸಿದಾಗ ಬರೆಯಬೇಕಂತೆ, ಎಷ್ಟು ಸಲ ಅನ್ನಿಸಿತು ಎಂದು ಲೆಕ್ಕ ಇಡಬೇಕಂತೆ. "ಯಾರಿಗೂ ತೋರಿಸೋದು ಬೇಡ, ನನಗೂ ಬೇಡ. ಕೈಗೊಂದು ಕೆಲಸ ಇರಲಿ ಅಂತ ಅಷ್ಟೆ" ಎಂದರು. ಹಾಗಾಗಿ ಇದು ನನಗೆ ನಾನೇ ಬರೆದುಕೊಳ್ಳುತ್ತಿರುವ ಚರಿತ್ರೆ. ಸುಳ್ಳು ಬರೆದರೂ ಹಿಡಿಯುವವರಿಲ್ಲ.

ನನ್ನ ಕಸುಬು ಕಟ್ಟಿಂಗ್. ಗಂಡಸರ ಕೋಟು, ಸೂಟು. ನಾನು ಕತ್ತರಿಸುತ್ತೇನೆ, ಎಂಟಡಿ ಆಚೆ, ಹೊಲಿಗೆ ಯಂತ್ರದ ಮುಂದೆ ನನ್ನ ಪಾಲುದಾರರು ಹೊಲಿಯುತ್ತಾರೆ. ಪಾಲುದಾರರು ಹುಟ್ಟಿನಿಂದ ನನಗೆ ಅಣ್ಣನೂ ಹೌದು. ಆ ಸಂಬಂಧವನ್ನು ನಾಲ್ಕು ವರ್ಷದ ಹಿಂದೆ ಮಡಿಚಿ ಬೀರುವಿನಲ್ಲಿಟ್ಟಿದ್ದೇವೆ. ಅವರು ಹನ್ನೊಂದು ದಿನ ಕೂತು ಹೊಲಿದ ಕಪ್ಪು ಕೋಟಿನ ಎದೆಯ ಮೇಲೆ ನನ್ನ ಸಿಗರೇಟಿನ ಕಿಡಿ ಬಿದ್ದು ಕಡಲೆಕಾಳಿನಷ್ಟು ತೂತಾಯಿತು. ನೀನು ಕತ್ತರಿ ಹಿಡಿಯುವುದಕ್ಕೂ ಲಾಯಕ್ಕಿಲ್ಲ, ನನ್ನ ಜೊತೆ ಮಾತಾಡುವುದಕ್ಕೂ ಲಾಯಕ್ಕಿಲ್ಲ ಎಂದರು. ನಾನು ಕತ್ತರಿ ಬಿಡಲಿಲ್ಲ, ಮಾತು ಬಿಟ್ಟೆ. ಅಂದಿನಿಂದ ನಮ್ಮ ರಾಜತಾಂತ್ರಿಕ ವ್ಯವಹಾರವೆಲ್ಲ ಅಳತೆ ಚೀಟಿಗಳ ಮೇಲೆ. ಮೂರು ಹೊತ್ತಿನ ಊಟಕ್ಕೆ ಅಂಗಡಿಯ ಹಿಂದಿನ ಅವರ ಮನೆಯಲ್ಲೇ ಕೂರುತ್ತೇನೆ. ನಾನು ಮದುವೆಯಾಗದವನು, ಮಹಡಿಯ ಮೇಲಿನ ಒಂದು ಕೋಣೆ ನನ್ನ ಸಾಮ್ರಾಜ್ಯ. ಊಟದಲ್ಲಿ ಉಪ್ಪು ಬೇಕಾದರೆ ನಾನು ಅತ್ತಿಗೆಗೆ ಹೇಳುತ್ತೇನೆ, ಅತ್ತಿಗೆ ಅವರಿಗೆ ಹೇಳುತ್ತಾರೆ, ಉಪ್ಪು ಅದೇ ದಾರಿಯಲ್ಲಿ ವಾಪಸು ಬರುತ್ತದೆ.

ಒಂದೂವರೆ ವರ್ಷದಿಂದ ಪಾಲುದಾರರ ಎರಡೂ ಕಿಡ್ನಿಗಳು ಕೆಲಸಕ್ಕೆ ಬರುತ್ತಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಅತ್ತಿಗೆಯ ಕಿಡ್ನಿ ಹೊಂದಲಿಲ್ಲ. ನನ್ನದು, ಅಳತೆಯೇ ಕೊಡದೆ ತಂದ ರೆಡಿಮೇಡ್ ಪ್ಯಾಂಟು ಅಕಸ್ಮಾತ್ ಸರಿಹೋಗುವ ಹಾಗೆ, ಎಲ್ಲ ಕಡೆಯೂ ಹೊಂದಿತು. ಕೊಡುತ್ತೇನೆ ಎಂದೆ. ಪ್ರೀತಿ ಗೀತಿ ಅಂತ ಯಾರೂ ತಪ್ಪು ತಿಳಿಯಬಾರದು. ಹೊಲಿಯುವವರು ಮಲಗಿದರೆ ನಾನು ಕತ್ತರಿಸಿದ್ದನ್ನು ಯಾರ ಮುಂದೆ ಹಾಕಲಿ? ಇದು ಶುದ್ಧ ಅಂಗಡಿಯ ಹಿತದೃಷ್ಟಿ.

ಸೋಡಾಬುಡ್ಡಿ ಕನ್ನಡಕದ ಡಾಕ್ಟರು ಶಾಸನ ಹೊರಡಿಸಿದ್ದಾರೆ. ಆಪರೇಷನ್ ಜುಲೈ 16ಕ್ಕೆ. ಇವತ್ತಿನಿಂದ ಒಂದು ಸಿಗರೇಟೂ ಇಲ್ಲ. ನಿಕೋಟಿನ್ ಇರುವ ಗಮ್ಮು, ಪಟ್ಟಿ ಏನಾದರೂ ಬೇಕಾದರೆ ಜೂನ್ ಮುಗಿಯುವ ತನಕ ಮಾತ್ರ. ಜುಲೈ 12ಕ್ಕೆ ಮೂತ್ರ ಪರೀಕ್ಷೆ. ಅದರಲ್ಲಿ ನಿಕೋಟಿನ್ ಕಂಡರೆ, ಅದು ಹೊಗೆಯಿಂದ ಬಂತೋ ಗಮ್ಮಿನಿಂದ ಬಂತೋ ಎಂದು ಅವರು ವಿಚಾರಣೆ ಮಾಡುವುದಿಲ್ಲ, ದಿನಾಂಕ ಹೋಯಿತು. ಮುಂದಿನದು ಅಕ್ಟೋಬರಿಗೆ.

"ನಿಮ್ಮಣ್ಣನ ಕೈ ನರ ಅಲ್ಲಿ ತನಕ ತಡಿಯುತ್ತೆ ಅಂತ ನಾನು ಹೇಳಲಾರೆ" ಎಂದು ಸೇರಿಸಿದರು. ಡಯಾಲಿಸಿಸ್ ಸೂಜಿ ಚುಚ್ಚುವ ನರ ಅದು. ಈಗಾಗಲೇ ಎರಡು ಸಲ ಕಟ್ಟಿಕೊಂಡಿದೆ.

ಸೇದಬೇಕು ಅನ್ನಿಸಿದ್ದು: ಹನ್ನೊಂದೂ ಹತ್ತರ ನಂತರ, ಒಂದೇ ಸಲ. ಅದು ಇನ್ನೂ ಮುಗಿದಿಲ್ಲ.

ಜೂನ್ 4, ಮಂಗಳವಾರ

ಸಾಯಂಕಾಲ ನಾಲ್ಕರ ಹೊತ್ತಿಗೆ ಮೂವತ್ತೊಂದು ಸಲ. ಆಮೇಲೆ ಎಣಿಸುವುದೇ ಚಟವಾಗುವ ಲಕ್ಷಣ ಕಂಡು ಬಿಟ್ಟೆ.

ತೆರವಾದ ಹುದ್ದೆಗೆ ಇಂದು ನರ್ಸಮ್ಮನ ಕೋಣೆಯಲ್ಲಿ ಸಂದರ್ಶನ ನಡೆಯಿತು. ಅಭ್ಯರ್ಥಿಗಳು ನಾಲ್ವರು. ಬ್ಯಾಟರಿ ಸಿಗರೇಟು: ನೋಡಲು ಠೀವಿ, ಆದರೆ ಹೊಗೆಯಂಥದ್ದು ಯಾವುದೂ ಶ್ವಾಸಕೋಶಕ್ಕೆ ಇಳಿಯಬಾರದೆಂದು ಬಾಗಿಲಲ್ಲೇ ವಾಪಸು ಕಳಿಸಿದರು. ಚೀಪುವ ಮಾತ್ರೆ: ಸಾಧು ಸ್ವಭಾವ, ನನ್ನಂಥವನನ್ನು ಅದು ಹಿಡಿದಿಟ್ಟೀತು ಅನ್ನಿಸಲಿಲ್ಲ. ತೋಳಿಗೆ ಅಂಟಿಸುವ ಪಟ್ಟಿ: ಬಾಯಿಗೂ ಇಲ್ಲ, ಕೈಗೂ ಇಲ್ಲ, ಸೇದುವ ಸುಖದಲ್ಲಿ ಒಂದನ್ನೂ ಕೊಡದೆ ಬರೀ ನಿಕೋಟಿನ್ ಕೊಡುತ್ತದೆ, ಮಾತಾಡದೆ ಊಟ ಬಡಿಸಿದ ಹಾಗೆ. ಗಮ್ಮು: ಅಗಿಯಲು ಏನೋ ಇದೆ ಎಂಬ ಸಮಾಧಾನ. ಗಮ್ಮನ್ನು ನೇಮಿಸಿಕೊಂಡೆ.

ಅತ್ತಿಗೆ ನನ್ನ ಮುಖ ನೋಡಿ, ಇವತ್ತು ಇವನ ಹತ್ತಿರ ಯಾರೂ ಗಿರಾಕಿ ಬರದಿದ್ದರೆ ಸಾಕು ಎಂದು ಗೋಡೆಗೆ ಹೇಳಿದರು.

ಜೂನ್ 6, ಗುರುವಾರ

ಗಮ್ಮನ್ನು ಕೆಲಸದಿಂದ ತೆಗೆದಿದ್ದೇನೆ.

ಎರಡು ಸಲ ಅಗಿದು ಕೆನ್ನೆಯೊಳಗೆ ಒತ್ತರಿಸಿಡಬೇಕು, ಆಮೇಲೆ ಮತ್ತೆ ಎರಡು ಸಲ. ನರ್ಸಮ್ಮ ಹೇಳಿದ್ದರು. ನಾನು ದನ ಮೆಲುಕು ಹಾಕಿದ ಹಾಗೆ ಹತ್ತು ನಿಮಿಷ ಬಿಡದೆ ಅಗಿದೆ. ಬಿಕ್ಕಳಿಕೆ ಶುರುವಾದಾಗ ಒಬ್ಬ ವಕೀಲರ ಎದೆ ಅಳತೆ ತೆಗೆಯುತ್ತಿದ್ದೆ. ಟೇಪು ಬಿಕ್ಕಿತು, ನಾನು ಬಿಕ್ಕಿದೆ, ಸ್ವಲ್ಪ ಹೊತ್ತಿಗೆ ವಕೀಲರೂ ಗಾಬರಿಯಲ್ಲಿ ಉಸಿರು ಹಿಡಿದರು. ಮೂರು ಸಲ ಅಳೆದರೆ ಮೂರು ಎದೆ ಬಂದವು. ವಕೀಲರು, ನನ್ನದು ಒಂದೇ ಎದೆ ಮಾಸ್ತರೇ, ದೊಡ್ಡದನ್ನೇ ಬರೆದುಕೊಳ್ಳಿ ಎಂದರು.

ಪಾಲುದಾರರ ಯಂತ್ರ ಆಗ ನಿಂತಿತ್ತು. ತಲೆ ತಗ್ಗಿಸಿ ಕೂತಿದ್ದರು, ಭುಜ ಎರಡೂ ಕುಲುಕುತ್ತಿದ್ದವು. ನನ್ನ ಬಗ್ಗೆ ಅವರಿಗಿರುವ ತಾತ್ಸಾರ ಭುಜದವರೆಗೂ ಬಂದಿದೆ ಎಂದು ದಾಖಲಿಸುತ್ತೇನೆ.

ನಾಳೆಯಿಂದ ಪಟ್ಟಿ.

ಜೂನ್ 10, ಸೋಮವಾರ

ಪಟ್ಟಿ ಒಳ್ಳೆಯ ಕೆಲಸಗಾರ. ಬೆಳಿಗ್ಗೆ ಎಡತೋಳಿಗೆ ಅಂಟಿಸಿದರೆ ಇಡೀ ದಿನ ಸದ್ದಿಲ್ಲದೆ ಬಿದ್ದಿರುತ್ತದೆ. ಆದರೆ ಅಂಟಿಸಿಕೊಂಡೇ ಮಲಗಿದರೆ ಕನಸುಗಳು ಬಣ್ಣದಲ್ಲಿ, ಕಾಲರ್ ಸಮೇತ ಬೀಳುತ್ತವೆ. ಮೊನ್ನೆ ನಾನು ಕತ್ತರಿಸಿದ ಕೋಟುಗಳೆಲ್ಲ ಒಳಗೆ ಮನುಷ್ಯರಿಲ್ಲದೆ ನಡೆದು ಬಂದು ಆಸ್ಪತ್ರೆಯಲ್ಲಿ ಸಾಲು ನಿಂತಿದ್ದವು. ಅದರಲ್ಲೊಂದು ಕೆಮ್ಮುತ್ತಿತ್ತು. ನರ್ಸಮ್ಮನಿಗೆ ಹೇಳಿದೆ, ಮಲಗುವಾಗ ತೆಗೆದುಬಿಡಿ ಎಂದರು. ತೆಗೆದೆ. ಈಗ ಕನಸೂ ಇಲ್ಲ, ನಿದ್ರೆಯೂ ಇಲ್ಲ.

ಹತ್ತೊಂಬತ್ತು ಸಲ.

ಜೂನ್ 14, ಶುಕ್ರವಾರ

ಇದನ್ನು ನರ್ಸಮ್ಮನಿಗೂ ಹೇಳಿಲ್ಲ. ನನಗೆ ಕತ್ತರಿಸಲು ಆಗುತ್ತಿಲ್ಲ.

ಬಟ್ಟೆ ಹಾಸಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಹಿಂಬಾಗಿಲ ಮೆಟ್ಟಿಲ ಮೇಲೆ ಹೋಗಿ ಒಂದು ಸೇದುವುದು ಇಷ್ಟು ವರ್ಷದ ಪದ್ಧತಿ. ಆ ಒಂದು ಸಿಗರೇಟಿನ ಹೊತ್ತಿನಲ್ಲಿ ಕೋಟು ಮುಗಿದು, ಮೈಮೇಲೆ ಕೂತು, ನನ್ನ ಕಣ್ಣ ಮುಂದೆ ಒಂದು ಸುತ್ತು ತಿರುಗಬೇಕು. ಆಮೇಲೆ ಒಳಗೆ ಬಂದರೆ ಕತ್ತರಿ ತಾನಾಗಿ ಹೋಗುತ್ತದೆ. ಈಗ ಮೆಟ್ಟಿಲ ಮೇಲೆ ಕೂತರೆ ಮೆಟ್ಟಿಲು ಮಾತ್ರ ಕಾಣುತ್ತದೆ. ವಕೀಲರ ನೀಲಿ ಉಣ್ಣೆ ಬಟ್ಟೆ ಮೂರು ದಿನದಿಂದ ಮೇಜಿನ ಮೇಲಿದೆ, ಹೆಣದ ಹಾಗೆ.

ಡಯಾಲಿಸಿಸ್‌ನಿಂದ ಬಂದ ಪಾಲುದಾರರು ಚೀಟಿ ಕಳಿಸಿದರು. "ಬಟ್ಟೆ?"

"ಯೋಚನೆಯಲ್ಲಿದೆ" ಎಂದು ಬರೆದು ಕಳಿಸಿದೆ.

"ಬಟ್ಟೆಯೋ ನೀನೋ?" ಎಂದು ಬಂತು.

ಉತ್ತರಿಸುವುದು ನನ್ನ ಘನತೆಗೆ ತಕ್ಕದ್ದಲ್ಲ.

ಜೂನ್ 18, ಮಂಗಳವಾರ

ಕತ್ತರಿಸಿದೆ. ಎರಡೂ ಎಡತೋಳು.

ಹೊಸಬರು ಮಾಡುವ ತಪ್ಪು ಇದು. ಬಟ್ಟೆಯನ್ನು ಜೋಡಿಯಾಗಿ ಮಡಿಚದೆ ಒಂಟಿ ಪದರದ ಮೇಲೆ ಒಂದೇ ಮಾದರಿಯನ್ನು ಎರಡು ಸಲ ಇಟ್ಟರೆ, ತಿರುಗಿಸಿ ಇಡುವುದನ್ನು ಮರೆತರೆ, ಹೀಗಾಗುತ್ತದೆ. ಮತ್ತೊಂದು ತೋಳಿಗೆ ಬಟ್ಟೆ ಇಲ್ಲ. ಎರಡು ತೋಳುಗಳನ್ನೂ ಪಾಲುದಾರರ ಯಂತ್ರದ ಪಕ್ಕದಲ್ಲಿಟ್ಟು ಮಹಡಿ ಹತ್ತಿದೆ. ಕೆಳಗಿಂದ ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಬೈಗುಳ ಬಂದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಇಳಿದು ನೋಡಿದರೆ ಅವರು ಚೂರುಗಳನ್ನು ಜೋಡಿಸಿ ಬಲತೋಳಿನ ಒಳಮಗ್ಗುಲನ್ನು ಕೂಡಿಸುತ್ತಿದ್ದರು. ಸೂಜಿ ಚುಚ್ಚುವ ಕೈ ಮೊಣಕೈ ತನಕ ಊದಿತ್ತು. ಹತ್ತು ಹೊಲಿಗೆ ಹಾಕುವುದು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು, ಮತ್ತೆ ಹತ್ತು. ಸಂಜೆ ಚೀಟಿ ಬಂತು: "ಬಲಗೈ ಎತ್ತಿದರೆ ಮಾತ್ರ ಕಾಣುತ್ತೆ. ವಕೀಲರು ಎಡಗೈ ಎತ್ತಿ ವಾದಿಸಲಿ."

ವ್ಯಂಗ್ಯ ಎಂದು ದಾಖಲಿಸಿ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ಇವತ್ತು ಎಷ್ಟು ಸಲ ಎಂದು ಎಣಿಸಿಲ್ಲ. ನಾಳೆ ಎಣಿಸಬೇಕು.

ಜೂನ್ 24, ಸೋಮವಾರ

ಇನ್ನೊಂದು ವಾರಕ್ಕೆ ಪಟ್ಟಿಯೂ ಇಲ್ಲ. ಒಂದೇ ಸಲ ನಿಲ್ಲಿಸಿದರೆ ನಾನು ಯಾರನ್ನು ಕಚ್ಚುತ್ತೇನೋ ಗೊತ್ತಿಲ್ಲ. ಚಿಕ್ಕ ಅಳತೆಯ ಪಟ್ಟಿ ಕೊಡುವುದನ್ನು ನರ್ಸಮ್ಮ ಗುರುವಾರಕ್ಕೆ ಇಟ್ಟುಕೊಂಡಿದ್ದಾರೆ; ಅಲ್ಲಿಯವರೆಗೆ ಏನನ್ನೂ ಬದಲಿಸಬೇಡಿ ಎಂದಿದ್ದಾರೆ. ಆದರೆ ಗಿರಾಕಿ ತೆಳ್ಳಗಾದರೆ ನಾವು ಹೊಸ ಕೋಟು ಹೊಲಿಯುತ್ತೇವೆಯೇ? ಸೊಂಟ ಹಿಡಿಸುತ್ತೇವೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನಿಗೆ ಅಂಗೈಯಗಲದ ಪಟ್ಟಿಯೊಂದನ್ನು ಹಿಡಿಸಲು ನರ್ಸು ಬೇಕೆ?

ಸಂಜೆ ಪಟ್ಟಿಯನ್ನು ಮೇಜಿನ ಮೇಲಿಟ್ಟು, ನಡುವೆ ಗೆರೆ ಎಳೆದು, ಕತ್ತರಿಸಿದೆ. ಎದ್ದು ಬರದಿರಲಿ ಎಂದು ಮೂಲೆಗಳನ್ನು ದುಂಡಗೆ ಮಾಡಿದೆ. ವಕೀಲರ ತೋಳುಗಳ ನಂತರ ಇಷ್ಟು ನೇರವಾದ ಗೆರೆ ನನ್ನ ಕೈಯಿಂದ ಬಂದಿರಲಿಲ್ಲ. ಅಂಚಿನಲ್ಲಿ ಸ್ವಲ್ಪ ಒದ್ದೆ ಬಂತು, ಒರೆಸಿದೆ. ನಾಳೆ ಬೆಳಿಗ್ಗೆ ಅರ್ಧ. ನಾಡಿದ್ದು ಇನ್ನರ್ಧ.

ನಾಳೆ ಹತ್ತಕ್ಕೆ ಹೃದಯದ ಪರೀಕ್ಷೆ ಇದೆ. ಅದೊಂದು ಶಾಸ್ತ್ರ ಅಷ್ಟೆ.

ಜೂನ್ 25, ಮಂಗಳವಾರ

ಬಸ್ಸಿನಲ್ಲೇ ಬಾಯಿ ತುಂಬ ನೀರು ಬಂತು. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆದೆ. ಎದೆಗೆ ತಂತಿಗಳನ್ನು ಅಂಟಿಸಿದ ಹುಡುಗಿ ಕಾಗದ ನೋಡಿ ಇನ್ನೊಬ್ಬಳನ್ನು ಕರೆದಳು, ಅವಳು ಡಾಕ್ಟರನ್ನು ಕರೆದಳು. ಮಲಗಿದ್ದಲ್ಲೇ ನಿಮಿಷಕ್ಕೆ ನೂರಾ ಇಪ್ಪತ್ತೆಂಟು. ನಡುವೆ ನಡುವೆ ಬಡಿತ ತಪ್ಪುತ್ತಿದೆಯಂತೆ, ಹೊಲಿಗೆ ತಪ್ಪಿದ ಹಾಗೆ.

ಸೋಡಾಬುಡ್ಡಿ ಡಾಕ್ಟರು ಕನ್ನಡಕ ತೆಗೆದು ಕಾಗದವನ್ನು ಮೂಗಿಗೆ ಹಿಡಿದು ಓದಿದರು. ಪಟ್ಟಿಯಲ್ಲಿ ಏನಾದರೂ ವ್ಯತ್ಯಾಸ ಮಾಡಿದ್ದೀರಾ ಎಂದು ನರ್ಸಮ್ಮ ಕೇಳಿದರು.

"ಇಲ್ಲ" ಎಂದೆ.

ಯಾಕೆ ಹಾಗೆಂದೆ? ಅಂಗಿಯ ತೋಳು ಮಡಿಚಿದ್ದರೆ ಸಾಕಿತ್ತು, ನನ್ನ ದುಂಡು ಮೂಲೆಗಳು ಅವರಿಗೆ ಕಾಣುತ್ತಿದ್ದವು. ಬಹುಶಃ ಅದಕ್ಕೇ.

ಇನ್ನೂ ಎರಡು ಮೂರು ಪರೀಕ್ಷೆ ಬೇಕು, ದಾನಿಯ ಹೃದಯ ಸರಿ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ, 16ನೇ ತಾರೀಖನ್ನು ಸದ್ಯ ಖಚಿತ ಅಂದುಕೊಳ್ಳಬೇಡಿ ಎಂದರು ಡಾಕ್ಟರು.

ಮನೆಗೆ ಬಂದರೆ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಎಲ್ಲ ಸರಿಯಾಗಿದೆ, ಯಂತ್ರವೇ ಹಳೆಯದು, ಇನ್ನೊಂದು ಸಲ ಬರಹೇಳಿದ್ದಾರೆ ಎಂದೆ. ಒಂದೇ ದಿನದಲ್ಲಿ ಎರಡನೆಯ ಸುಳ್ಳು.

ಜೂನ್ 26, ಬುಧವಾರ

ಪಟ್ಟಿಯ ಡಬ್ಬಿಯೊಳಗಿನ ಕಾಗದವನ್ನು ಇಂದು ಮೊದಲ ಬಾರಿ ಬಿಡಿಸಿ ನೋಡಿದೆ. ಓದು ಬಾರದವರಿಗೂ ತಿಳಿಯಲಿ ಎಂದು ಚಿತ್ರ ಹಾಕಿದ್ದಾರೆ: ಒಂದು ಕತ್ತರಿ, ಅದರ ಮೇಲೆ ಅಡ್ಡ ಗೆರೆ. ಈ ಬಗೆಯ ಪಟ್ಟಿಯ ಒಳಗೆ ಮದ್ದು ಚೀಲದಲ್ಲಿ ತುಂಬಿದ ಹಾಗಿರುತ್ತದಂತೆ. ಕತ್ತರಿಸಿದರೆ ಇಡೀ ದಿನದ್ದು ಒಮ್ಮೆಗೇ ಸೋರಿ ಮೈಗಿಳಿಯುತ್ತದಂತೆ. ಹೊಟ್ಟೆ ತೊಳೆಸುವುದು, ತಲೆ ತಿರುಗುವುದು, ಎದೆ ಹೊಡೆದುಕೊಳ್ಳುವುದು. ನನ್ನ ನಿನ್ನೆಯ ದಿನಚರಿಯನ್ನು ಯಾರೋ ಮೊದಲೇ ಅಚ್ಚು ಹಾಕಿಟ್ಟಿದ್ದಾರೆ.

ಇನ್ನರ್ಧವನ್ನು ಕಸಕ್ಕೆ ಹಾಕಿದೆ. ಮುಂದಿನ ಪರೀಕ್ಷೆಯಲ್ಲಿ ಎದೆ ತಾನಾಗಿ ಸರಿಯಾಗಿ ಬಡಿಯುತ್ತದೆ. ಹೇಳುವ ಅಗತ್ಯವಿಲ್ಲ.

ಜೂನ್ 27, ಗುರುವಾರ

ನರ್ಸಮ್ಮನ ಹತ್ತಿರ ಹೋಗಲಿಲ್ಲ. ಜ್ವರ ಎಂದು ಫೋನಿನಲ್ಲಿ ಹೇಳಿದೆ. ಮೂರನೆಯ ಸುಳ್ಳು.

ಜೂನ್ 28, ಶುಕ್ರವಾರ

ಸಂಜೆ ಅತ್ತಿಗೆ ಮಹಡಿ ಹತ್ತಿ ಬಂದರು. ಅವರು ಈ ಕೋಣೆಗೆ ಬಂದು ವರ್ಷಗಳಾಗಿದ್ದವು. ನಿಂತುಕೊಂಡೇ ಇದ್ದರು.

ಡಯಾಲಿಸಿಸ್ ಮಾಡುವಾಗ ಅಲ್ಲಿನವರು ಯಾರೋ ಬಾಯಿಬಿಟ್ಟಿದ್ದಾರೆ, ದಾನಿಯ ಹೃದಯದ ತೊಂದರೆಯಿಂದ ದಿನಾಂಕ ತೂಗಾಡುತ್ತಿದೆ ಎಂದು. ಪಾಲುದಾರ ಸುಮ್ಮನೆ ಕೇಳಿಸಿಕೊಂಡಿದ್ದಾನೆ. ಯಂತ್ರದಿಂದ ಬಿಡಿಸಿದ ಮೇಲೆ ಕಾಗದ ಕೇಳಿ, ಚುಚ್ಚದ ಕೈಯಲ್ಲಿ, ನನಗೆ ಈ ಕಿಡ್ನಿ ಬೇಡ ಎಂದು ಬರೆದು, ಡಾಕ್ಟರ ಮೇಜಿನ ಮೇಲಿಟ್ಟು ಬಂದಿದ್ದಾನೆ.

"ಯಾಕೆ ಅಂದ್ರೆ ಉತ್ತರ ಕೊಡಲ್ಲ" ಎಂದರು ಅತ್ತಿಗೆ. "ನಾಲ್ಕು ವರ್ಷ ನಿಮ್ಮಿಬ್ಬರ ಮಧ್ಯ ನಿಂತು ಸಾಕಾಗಿದೆ ಕಣಪ್ಪ. ಅವರ ಮಾತು ನಿನಗೆ ಹೇಳಿದೆ, ನಿನ್ನ ಮಾತು ಅವರಿಗೆ ಹೇಳಿದೆ. ಇದನ್ನ ನಾನು ಹೊರಲ್ಲ. ನೀನೇ ಹೋಗಿ ಕೇಳು."

ಅಳುತ್ತಿರಲಿಲ್ಲ. ಅದೇ ಹೆದರಿಕೆಯಾಯಿತು.

ಮೂಲೆಯ ಗೂಡಂಗಡಿಗೆ ನನ್ನ ಕೋಣೆಯಿಂದ ತೊಂಬತ್ತು ಹೆಜ್ಜೆ. ಕಿಟಕಿಯಲ್ಲಿ ಕಾಣುತ್ತದೆ. ಪರದೆ ಎಳೆದು ಕೂತಿದ್ದೇನೆ.

ಜೂನ್ 29, ಶನಿವಾರ

ಅಂಗಡಿಯ ಷಟರು ಅರ್ಧ ಎತ್ತಿತ್ತು. ಅವನು ಪ್ಯಾಂಟಿನ ಉದ್ದದ ಹೊಲಿಗೆ ಓಡಿಸುತ್ತಿದ್ದ. ಯಂತ್ರದ ಮುಂದೆ ಹೋಗಿ ನಿಂತೆ. ನಾಲ್ಕು ವರ್ಷದಲ್ಲಿ ಆ ಜಾಗಕ್ಕೆ ಚೀಟಿ ಮಾತ್ರ ಹೋಗಿತ್ತು.

"ನನ್ನ ಎದೆಗೆ ಏನೂ ಆಗಿಲ್ಲ" ಎಂದೆ. "ಪಟ್ಟಿ ಕತ್ತರಿಸಿದ್ದೆ. ಅದಕ್ಕೆ ಹಾಗಾಯ್ತು."

ಹೊಲಿಗೆಯ ಕೊನೆ ಮುಟ್ಟುವ ತನಕ ಅವನು ಕಾಲು ಎತ್ತಲಿಲ್ಲ. ದಾರ ಕಡಿದು, ಕನ್ನಡಕ ಹಣೆಗೇರಿಸಿ ನೋಡಿದ.

"ಯಾವ ಪಟ್ಟಿ?"

ಕಾಗದ ಕೊಟ್ಟೆ. ಓದಿದ. ಕತ್ತರಿಯ ಚಿತ್ರದ ಮೇಲೆ ಬೆರಳಿಟ್ಟುಕೊಂಡು ಎರಡು ಸಲ ಓದಿದ.

"ಯಾವ ಕತ್ತರೀಲಿ ಕತ್ತರಿಸಿದೆ?"

"ದೊಡ್ಡದರಲ್ಲಿ."

"ಬಟ್ಟೆ ಕತ್ತರೀಲಾ?" ಅವನ ಮುಖ ಕೆಂಪಾಯಿತು. "ಅಂಟು ಇರೋದನ್ನ ಬಟ್ಟೆ ಕತ್ತರೀಲಿ ಕತ್ತರಿಸ್ತಾರೇನೋ? ಅದರ ಧಾರೆ ಏನಾಗಬೇಕು?"

ಕಸುಬಿನವನ ಪ್ರಶ್ನೆ. ಒರೆಸಿದ್ದೀನಿ ಎಂದೆ. ಒರೆಸಿದ್ದಾನಂತೆ ಎಂದು ಗುಂಡಿಗಳ ಡಬ್ಬಿಗೆ ಹೇಳಿದ. ಆಮೇಲೆ, ಡಾಕ್ಟರಿಗೆ ಯಾಕೆ ಹೇಳಲಿಲ್ಲ, ಅತ್ತಿಗೆಗೆ ಯಾಕೆ ಸುಳ್ಳು ಹೇಳಿದೆ, ಜ್ವರ ಯಾವಾಗ ಬಂದಿತ್ತು ಎಂದು ಒಂದೊಂದಾಗಿ ಕೇಳುತ್ತ ಹೋದ. ನನಗೂ ಸಿಟ್ಟು ಬಂತು. ನೀನು ಯಾಕೆ ಬೇಡ ಅಂತ ಬರೆದುಕೊಟ್ಟೆ, ಅದನ್ನು ಮೊದಲು ಹೇಳು ಎಂದೆ.

ಪ್ಯಾಂಟನ್ನು ಮಡಿಚತೊಡಗಿದ. ಒಂದು ಸಲ ಮಡಿಚಿ, ಸರಿಯಾಗಲಿಲ್ಲವೆಂದು ಬಿಡಿಸಿ, ಮತ್ತೆ ಮಡಿಚಿದ.

"ಕೋಟಿಗೆ ತೂತು ಬಿದ್ರೆ ರಫು ಮಾಡ್ತೀನಿ" ಎಂದ. "ಅವತ್ತಿನದನ್ನೂ ಮಾಡ್ದೆ, ಯಾರಿಗೂ ಗೊತ್ತಾಗಲಿಲ್ಲ. ಮೇಜಿನ ಮೇಲೆ ನಿನಗೇನಾದ್ರೂ ಆದ್ರೆ ಏನ್ ಮಾಡ್ಲಿ? ಆಮೇಲೆ ಈ ಕಿಡ್ನಿ ಇಟ್ಕೊಂಡು ನಾನು ಯಾರಿಗೆ ಹೊಲೀಲಿ?"

ಒಳಗೆ ಪಾತ್ರೆಗಳ ಸದ್ದು ನಿಂತುಹೋಗಿತ್ತು. ಅತ್ತಿಗೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಇಬ್ಬರಿಗೂ ಗೊತ್ತಾಯಿತು.

ಅಂಗಡಿ ಮುಚ್ಚಿ ಇಬ್ಬರೂ ಬಸ್ಸು ಹತ್ತಿದೆವು. ನರ್ಸಮ್ಮ ನನ್ನ ತಪ್ಪೊಪ್ಪಿಗೆಯನ್ನು ಕೊನೆಯ ತನಕ ಕೇಳಿ, ಇಷ್ಟು ವರ್ಷದ ನೌಕರಿಯಲ್ಲಿ ಪಟ್ಟಿಯ ಮೂಲೆಯನ್ನು ದುಂಡು ಮಾಡಿದವರನ್ನು ನೋಡಿರಲಿಲ್ಲ ಎಂದರು. ಡಾಕ್ಟರು ನಗಲಿಲ್ಲ. ನೀವು ಸುಳ್ಳು ಹೇಳಿದ ನಾಲ್ಕು ದಿನ ನಾನು ಇಲ್ಲದ ರೋಗವನ್ನು ಹುಡುಕುತ್ತಿದ್ದೆ, ಗೊತ್ತೆ ಎಂದರು. ಪಟ್ಟಿ ಇವತ್ತಿಗೇ ಬಂದ್. ಮಂಗಳವಾರ ಮತ್ತೆ ಹೃದಯದ ಪರೀಕ್ಷೆ. ಅದು ಸರಿ ಬಂದರೆ ಮಾತ್ರ ಮುಂದಿನ ಮಾತು.

ಅವನು ಬರೆದುಕೊಟ್ಟ ಕಾಗದವನ್ನು ವಾಪಸು ಕೇಳಿದ. ಡಾಕ್ಟರು ಕೊಡಲಿಲ್ಲ, ಮಂಗಳವಾರದ ತನಕ ನನ್ನ ಹತ್ತಿರವೇ ಇರಲಿ ಎಂದರು.

ಜುಲೈ 2, ಮಂಗಳವಾರ

ಎದೆಬಡಿತ ಎಪ್ಪತ್ತನಾಲ್ಕು. ಎಲ್ಲೂ ತಪ್ಪಿಲ್ಲ. ಕಾಗದ ವಾಪಸು ಬಂತು, ಅಣ್ಣ ಅದನ್ನು ಬಸ್‌ಸ್ಟಾಪಿನಲ್ಲಿ ಹರಿದು ಹಾಕಿದ. 16 ಮತ್ತೆ 16 ಆಯಿತು. ಇನ್ನು 12ರ ಮೂತ್ರ ಪರೀಕ್ಷೆಯೊಂದೇ.

ಜುಲೈ 5, ಶುಕ್ರವಾರ

ಪಟ್ಟಿ ಇಲ್ಲದೆ ಆರನೇ ದಿನ. ತಲೆ ಸಿಡಿಯುತ್ತದೆ, ಗಿರಾಕಿಗಳೆಲ್ಲ ದಡ್ಡರಾಗಿದ್ದಾರೆ.

ಇದು ಸಾಲದೆಂದು ಅಣ್ಣ ಮಾತಾಡುತ್ತಾನೆ. ನಾಲ್ಕು ವರ್ಷದ ಮಾತನ್ನು ಎಲ್ಲಿ ಕೂಡಿಟ್ಟಿದ್ದನೋ. ಚಾಕ್‌ಪೀಸಿನ ಗೆರೆ ದಪ್ಪ ಎಳೆಯುತ್ತೀಯ, ಕಂಕುಳಿಗೆ ಬಟ್ಟೆ ಬಿಡುವುದಿಲ್ಲ, ನಿನ್ನ ಕಾಲರು ಎರಡು ವರ್ಷದಿಂದ ಅರ್ಧ ಬೆರಳು ಎತ್ತರ ಬರುತ್ತಿದೆ, ಚೀಟಿಯಲ್ಲಿ ಎಷ್ಟು ಅಂತ ಬರೆಯಲಿ ಎಂದು ಸುಮ್ಮನಿದ್ದೆ. ಅತ್ತಿಗೆ ಊಟದ ಹೊತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಂಡು ಬಂದರು. ಅಣ್ಣ ಉಪ್ಪನ್ನು ನೇರವಾಗಿ ನನ್ನ ಕಡೆ ತಳ್ಳುತ್ತಾ, ಜಾಸ್ತಿ ಹಾಕ್ಕೋಬೇಡ, ಅದು ನನ್ನ ಕಿಡ್ನಿ ಎಂದ.

ಇವತ್ತು ಒಂದು ಹಳದಿ ಬಟ್ಟೆಯ ಕೋಟು ಕತ್ತರಿಸಿದೆ. ಅಣ್ಣನ ವಟವಟ ನಿಲ್ಲುವ ತನಕ ಕಾಯುವುದು ಸಾಧ್ಯವಿರಲಿಲ್ಲ, ಕಾದರೆ ಕೋಟು ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಸರಿಯಾಗಿ ಬಂತು.

ಜುಲೈ 10, ಬುಧವಾರ

ನರ ಕಟ್ಟಿಕೊಂಡಿತು. ಸೂಜಿ ಚುಚ್ಚಿದರೆ ರಕ್ತವೇ ಬರಲಿಲ್ಲ. ಮಧ್ಯಾಹ್ನ ಕತ್ತಿಗೆ ಕೊಳವೆ ಹಾಕಲು ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆ ಎಂದವರು ಎರಡು ಗಂಟೆಯಾದರೂ ಹೊರಗೆ ಬರಲಿಲ್ಲ. ಅತ್ತಿಗೆ ಬೆಂಚಿನ ತುದಿಯಲ್ಲಿ ಸೆರಗನ್ನು ಬೆರಳಿಗೆ ಸುತ್ತಿ ಬಿಡಿಸಿ ಸುತ್ತುತ್ತ ಕೂತಿದ್ದರು. ಗೇಟಿನ ಹೊರಗೆ ಹೋಗಿ ನಿಂತೆ.

ಅಲ್ಲೊಬ್ಬರು ನನ್ನ ವಯಸ್ಸಿನವರೇ. ಒಳಗೆ ಅವರ ತಾಯಿಯಂತೆ. ನನ್ನ ಮುಖ ನೋಡಿ ಏನೂ ಕೇಳದೆ ಪ್ಯಾಕು ಚಾಚಿದರು. ತೆಗೆದುಕೊಂಡೆ. ತುಟಿಗೆ ಇಟ್ಟುಕೊಂಡೆ. ಅದರ ತೂಕ ನನಗೆ ನೆನಪಿತ್ತು. ಅವರು ಲೈಟರು ಹೊತ್ತಿಸಿ, ಗಾಳಿಗೆ ಆರದಿರಲಿ ಎಂದು ಕೈ ಅಡ್ಡ ಹಿಡಿದು ಹತ್ತಿರ ತಂದರು. ಹಾಗೆ ಕೈ ಅಡ್ಡ ಹಿಡಿಯುವವರು ಒಳ್ಳೆಯವರು.

ಬಾಯಿಂದ ತೆಗೆದು ವಾಪಸು ಕೊಟ್ಟೆ. "ಕ್ಷಮಿಸಿ ಸಾರ್. ನನ್ನ ಹತ್ತಿರ ಬೇರೆಯವರ ಮಾಲು ಇದೆ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಪೊಲೀಸರ ಭಯವಿರುವ ಮಾಲು ಎಂದುಕೊಂಡರೋ ಏನೋ, ಎರಡು ಹೆಜ್ಜೆ ಆಚೆ ಸರಿದು ನಿಂತರು.

ಒಳಗೆ ಹೋದಾಗ ಅಣ್ಣನನ್ನು ತಂದಿದ್ದರು. ಕತ್ತಿನಲ್ಲಿ ಕೊಳವೆ, ಮುಖ ಸುಣ್ಣ. ಹಳದಿ ಕೋಟಿನ ಗುಂಡಿ ಯಾವ ಬಣ್ಣದ್ದು ಎಂದು ಕೇಳಿದ. ಕಂದು ಎಂದೆ. ಕಂದು ಬೇಡ ಎಂದು ಕಣ್ಣು ಮುಚ್ಚಿದ.

ಜುಲೈ 12, ಶುಕ್ರವಾರ

ಮೂತ್ರ ಕೊಟ್ಟು ಬಂದೆ. ಚಿಕ್ಕ ಡಬ್ಬಿ, ಮುಚ್ಚಳದ ಮೇಲೆ ನನ್ನ ಸಂಖ್ಯೆ. ತುಟಿಗಿಟ್ಟುಕೊಂಡ ಹೊತ್ತಿಸದ ಸಿಗರೇಟು ಪರೀಕ್ಷೆಯಲ್ಲಿ ಕಾಣುತ್ತದೆಯೇ ಎಂದು ನರ್ಸಮ್ಮನನ್ನು ಕೇಳಿದೆ. ನೀವಾಗಿಯೇ ಹೇಳುತ್ತಿದ್ದೀರಲ್ಲ, ಅಷ್ಟು ಸಾಕು, ಕಾಣುವುದಿಲ್ಲ ಎಂದರು. ಅಣ್ಣನಿಗೂ ಹೇಳಿದೆ. ಯಾವ ಬ್ರಾಂಡು ಎಂದು ಕೇಳಿದ.

ಜುಲೈ 13, ಶನಿವಾರ

ಹನ್ನೊಂದಕ್ಕೆ ಬರುತ್ತೆ ಎಂದ ಫೋನು ಎರಡೂವರೆಗೆ ಬಂತು. ಅತ್ತಿಗೆಯೇ ತೆಗೆದರು. ಕೇಳಿಸಿಕೊಂಡು, "ಹ್ಞೂಂ... ಹ್ಞೂಂ... ಸರಿ" ಎಂದು ಇಟ್ಟು, ಒಳಗೆ ಹೋಗಿ ಒಲೆ ಆರಿಸಿ ಬಂದು, ಆಮೇಲೆ ನಮ್ಮ ಕಡೆ ತಿರುಗಿದರು. ನಾವಿಬ್ಬರೂ ಅಷ್ಟು ಹೊತ್ತೂ ಒಂದೇ ಬಟ್ಟೆಯ ಎರಡು ತುದಿ ಹಿಡಿದು ನಿಂತಿದ್ದೆವು.

"ಏನೂ ಇಲ್ವಂತೆ" ಎಂದರು.

ಏನೂ ಇಲ್ಲ ಎಂಬುದು ಇಷ್ಟು ದೊಡ್ಡ ಸುದ್ದಿ ಎಂದು ನನಗೆ ತಿಳಿದಿರಲಿಲ್ಲ. ಅಣ್ಣ ಬಟ್ಟೆ ಬಿಟ್ಟು ಸ್ಟೂಲಿನ ಮೇಲೆ ಕೂತ. ಬಹಳ ಹೊತ್ತು ಮಾತೇ ಆಡಲಿಲ್ಲ. ಕೊನೆಗೆ ನಾನೇ, ಏನಾದರೂ ಬೈಯಿ ಎಂದೆ.

ಜುಲೈ 16, ಮಂಗಳವಾರ, ಬೆಳಿಗ್ಗೆ

ಪಕ್ಕ ಪಕ್ಕದ ಹಾಸಿಗೆ. ಹಿಂದೆ ಕಟ್ಟುವ ಹಸಿರು ಅಂಗಿ ಇಬ್ಬರಿಗೂ. ಇದನ್ನು ಕತ್ತರಿಸಿದವನಿಗೆ ಮನುಷ್ಯನ ಮೈಗೆ ಬೆನ್ನೂ ಇದೆ ಎಂದು ಯಾರೂ ಹೇಳಿಕೊಟ್ಟಿಲ್ಲ.

ಚಿಕ್ಕ ಡಾಕ್ಟರೊಬ್ಬರು ಬಂದು, ಎಲ್ಲಿ ಕೊಯ್ಯಬೇಕು ಎಂದು ನನ್ನ ಎಡಮಗ್ಗುಲಿಗೆ ನೇರಳೆ ಪೆನ್ನಿನಲ್ಲಿ ಗುರುತು ಹಾಕಿದರು. ಬಗ್ಗಿ ನೋಡಿದೆ. ಗೆರೆ ವಾರೆ ಬಂದಿತ್ತು. ತಪ್ಪು ತಿಳಿಯಬೇಡಿ, ಕೈಯನ್ನು ಊರಿಕೊಂಡು ಒಂದೇ ಉಸಿರಿಗೆ ಎಳೆದರೆ ನೇರ ಬರುತ್ತದೆ ಎಂದೆ. ಅವರು ಪಾಪ, ಒರೆಸಿ ಮತ್ತೆ ಎಳೆದರು.

"ಸುಮ್ನೆ ಬಿದ್ಕೊಳ್ಳೋ" ಎಂದ ಅಣ್ಣ ಪಕ್ಕದಿಂದ. "ಇವತ್ತು ನೀನು ಬಟ್ಟೆ. ಮಾಸ್ತರು ಅವರು."

ಆಮೇಲೆ, ಹೆದರಿಕೆ ಆಗ್ತಿದೆಯಾ ಎಂದು ಕೇಳಿದ. ಇಲ್ಲ ಎಂದೆ. ನನಗೆ ಆಗ್ತಿದೆ ಎಂದ. ನನಗೂ ಎಂದೆ.

ಗಾಲಿ ಮಂಚ ತಂದಿದ್ದಾರೆ. ಮೊದಲು ನಾನು.

ಜುಲೈ 18, ಗುರುವಾರ

ಮಗ್ಗುಲು ಬದಲಿಸಲು ಇಬ್ಬರು ಬೇಕು. ಕೆಮ್ಮಬಾರದು, ಸೀನಬಾರದು, ಮುಖ್ಯವಾಗಿ ನಗಬಾರದು, ಹೊಲಿಗೆ ಎಳೆಯುತ್ತದೆ. ಅಣ್ಣನನ್ನು ಗಾಜಿನ ಕೋಣೆಯಲ್ಲಿ ಬೇರೆ ಇಟ್ಟಿದ್ದಾರೆ. ಮೊದಲ ದಿನ ಕಿಡ್ನಿ ನಿದ್ದೆ ಮಾಡುತ್ತಿದೆ, ಕಾಯಬೇಕು ಎಂದಿದ್ದರು. ನಿನ್ನೆಯೂ ಹಾಗೇ. ನಿನ್ನೆ ಏನನ್ನೂ ಬರೆಯಲಾಗಲಿಲ್ಲ. ನನ್ನದು ಸೋಮಾರಿ ಕಿಡ್ನಿಯೇನೋ, ನನ್ನ ಹಾಗೆ ಮೆಟ್ಟಿಲ ಮೇಲೆ ಕೂತು ಏನೋ ಕಾಣಲಿ ಎಂದು ಕಾಯುತ್ತಿದೆಯೇನೋ ಎಂದುಕೊಂಡು ಇಡೀ ದಿನ ಸೂರು ನೋಡುತ್ತಿದ್ದೆ.

ಇವತ್ತು ಹತ್ತು ಗಂಟೆಗೆ ಕಾರಿಡಾರಿನಲ್ಲಿ ಓಡುವ ಚಪ್ಪಲಿಯ ಸದ್ದು. ಅತ್ತಿಗೆ ಓಡುವುದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಬಾಗಿಲಲ್ಲಿ ಉಸಿರು ಹಿಡಿದು ನಿಂತು, ಹೆರಿಗೆ ವಾರ್ಡಿನಿಂದ ಸುದ್ದಿ ತಂದವರ ಹಾಗೆ ಹೇಳಿದರು:

"ಉಚ್ಚೆ ಹೊಯ್ದರು ಕಣೋ."

ಒಂದೂವರೆ ವರ್ಷದ ನಂತರ. ಬೆಳಗಿನ ಜಾವ ಸ್ವಲ್ಪ, ಆರಕ್ಕೆ ಇನ್ನಷ್ಟು, ಈಗ ನಿಲ್ಲುತ್ತಲೇ ಇಲ್ಲವಂತೆ, ಮೂರನೇ ಚೀಲ ಕಟ್ಟಿದ್ದಾರಂತೆ. ಸೋಡಾಬುಡ್ಡಿ ಡಾಕ್ಟರು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳ್ಳೆಯ ಬಣ್ಣ ಎಂದರಂತೆ. ಗುಡಿಸುವಾಕೆಯೂ ಬಂದು ನೋಡಿ ಹೋದಳಂತೆ.

"ಅಣ್ಣ ಏನಂದ?" ಎಂದು ಕೇಳಿದೆ.

ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಅವನಿಗೆ ಹೇಳು ಅಂದ್ರು. ಕೆಲಸ ಶುರು ಮಾಡೋಕೆ ಎರಡು ದಿನ ತಗೊಂಡ, ಈಗ ನಿಲ್ಲಿಸೋದು ಗೊತ್ತಿಲ್ಲ, ಥೇಟ್ ಅವನೇ ಅಂದ್ರು."

ನಗಬಾರದೆಂದು ಹಲ್ಲು ಕಚ್ಚಿದೆ. ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು, ನರ್ಸು ಬಂದು ಬೈದಳು, ಅತ್ತಿಗೆಯೂ ನಕ್ಕರು, ನಾನು ಮಗ್ಗುಲು ಹಿಡಿದುಕೊಂಡು ಇನ್ನೂ ನಕ್ಕೆ.

ಹೊಲಿಗೆ ಒಂದೂ ಬಿಚ್ಚಲಿಲ್ಲ. ಒಳ್ಳೆಯ ಕೆಲಸಗಾರರು.